ಪೋರ್ಟ್ ಮಾಡಿದ ಹಳೆಯ ಹೆಡ್‌ಗೆ ನಾನು ರೇಟ್ ಕಟ್ಟುವ ರೀತಿ

ಹೆಡ್ ಅಂದರೆ ಇಂಜಿನ್ನಿನ ಮೇಲೆ ಕೂರುವ ಸಿಲಿಂಡರ್ ಹೆಡ್. ಅದರೊಳಗೆ ಗಾಳಿ ಹೋಗಿಬರುವ ದಾರಿ ಪೋರ್ಟ್, ಆ ದಾರಿ ಕೊರೆದು ತಿದ್ದುವುದು ಪೋರ್ಟಿಂಗ್. ಪೋರ್ಟಿಂಗ್ ಆದ ಹೆಡ್ ಟೇಬಲ್ ಮೇಲೆ ಬಂದರೆ ಎಲ್ಲರೂ ಮೊದಲು ಪೋರ್ಟಿನೊಳಗೆ ಬೆರಳು ಹಾಕುತ್ತಾರೆ. "ಏನ್ ನುಣುಪೈತಿ ನೋಡ್ರಿ" ಅನ್ನುತ್ತಾರೆ. ಆ ನುಣುಪಿಗೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲಿ ಈ ಮಾತು ಹೇಳಿದಾಗ ನಕ್ಕವರೇ ಜಾಸ್ತಿ. ಅವರಲ್ಲೇ ಕೆಲವರು ಈಗ ಹೆಡ್ ಕೊಳ್ಳುವ ಮೊದಲು ನನ್ನ ಹತ್ತಿರ ತಂದಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳುವುದು ಮಾರುತಿ ಜಿಪ್ಸಿ, ಎಸ್ಟೀಮ್‌ಗಳ ಜಿ13ಬಿಬಿ ಹೆಡ್ ಬಗ್ಗೆ. 1298 ಸಿಸಿ, 16 ವಾಲ್ವ್, ಅವನ್ನು ತೆರೆಯುವ ಕ್ಯಾಮ್ ಒಂದೇ. ರ‍್ಯಾಲಿ ಓಡಿಸಿದವರು ಗಾಡಿ ತೆಗೆಯುವಾಗ ಹೆಡ್ ಬೇರೆ ಮಾಡಿ ಮಾರುತ್ತಾರೆ. ಕೊಯಮತ್ತೂರು, ಬೆಂಗಳೂರು ಕಡೆಯಿಂದ ಪಾರ್ಸೆಲ್ ಬರುತ್ತದೆ. ಕೇಳುವ ರೇಟ್ 25ರಿಂದ 40 ಸಾವಿರ. ಯಾರೂ ಕೈ ಹಾಕದ ಗಟ್ಟಿ ಹೆಡ್ ನಮ್ಮ ಕಡೆ ಹತ್ತು ಸಾವಿರದ ಆಚೀಚೆ ಸಿಗುತ್ತದೆ. ಮೇಲಿನ ದುಡ್ಡು ಯಾತಕ್ಕೆ?

ಮೊದಲು ಏನು ಉಳಿದಿದೆ ಅಂತ ನೋಡುತ್ತೇನೆ. ಸ್ಟ್ರೇಟ್ ಎಡ್ಜ್ ಕೆಳಗೆ 0.05 ಮಿಲಿಮೀಟರಿನ ಫೀಲರ್ ಪಟ್ಟಿ ಹೋದರೆ ಹೆಡ್ ಬಾಗಿದೆ, ಫೇಸಿಂಗ್ (ತಳ ಉಜ್ಜಿ ಸಮ ಮಾಡುವುದು) ಬೇಕು. ಅದು ದೊಡ್ಡ ಮಾತಲ್ಲ. ಆದರೆ ಈಗಾಗಲೇ ಎಷ್ಟು ತೆಗೆದಿದ್ದಾರೆ? ಒಂದು ಸ್ಟಾಕ್ ಹೆಡ್ (ಕಂಪನಿಯಿಂದ ಬಂದ ಹಾಗೇ ಇರುವುದು) ಇಟ್ಟುಕೊಂಡಿದ್ದೇನೆ, ಯಾರು ಕೇಳಿದರೂ ಮಾರುವುದಿಲ್ಲ. ಅದರ ಪಕ್ಕ ಇಟ್ಟು ಎತ್ತರ ಅಳೆಯುತ್ತೇನೆ. ಅರ್ಧ ಮಿಲಿಮೀಟರ್ ಹೋಗಿದ್ದರೆ ಪೆಟ್ರೋಲ್ ಉರಿಯುವ ಚೇಂಬರಿನಲ್ಲಿ ಹೆಚ್ಚುಕಡಿಮೆ ಎರಡು ಸಿಸಿ ಹೋಗಿರುತ್ತದೆ. 9 ಇದ್ದ ಕಂಪ್ರೆಷನ್ ಅನುಪಾತ 9.4ರ ಹತ್ತಿರ ಬರುತ್ತದೆ. ಅದು ಲಾಭವೇ. ಪೂರ್ತಿ ಒಂದು ಮಿಲಿಮೀಟರ್ ಹೋಗಿದ್ದರೆ ಮುಂದೆ ಹೀಟಾಗಿ ಬಾಗಿದ ದಿನ ತೆಗೆಯಲು ಏನೂ ಇರುವುದಿಲ್ಲ. ಹೆಡ್ ತೆಳುವಾದಷ್ಟು ಕ್ಯಾಮ್ ಕೆಳಗಿಳಿದು ವಾಲ್ವ್ ತೆರೆಯುವ ಟೈಮಿಂಗೂ ತಡವಾಗುತ್ತದೆ. ಅಡ್ಜಸ್ಟ್ ಮಾಡುವ ಪುಲ್ಲಿಯ ಖರ್ಚು ಬೇರೆ.

ಕ್ಯಾಮ್ ಜರ್ನಲ್ (ಕ್ಯಾಮ್ ಕೂತು ತಿರುಗುವ ಜಾಗ) ನೋಡದೆ ಮುಂದೆ ಹೋಗುವುದೇ ಇಲ್ಲ. ಇದರಲ್ಲಿ ಕ್ಯಾಮ್‌ಗೆ ಬೇರೆ ಬೇರಿಂಗ್ ಇಲ್ಲ, ಹೆಡ್ಡಿನ ಅಲ್ಯುಮಿನಿಯಂ ಮೇಲೇ ತಿರುಗುತ್ತದೆ. ಅಲ್ಲಿ ಉಗುರು ಸಿಕ್ಕುವಷ್ಟು ಗೆರೆ ಇದ್ದರೆ ಆ ಹೆಡ್ ನನ್ನ ಲೆಕ್ಕದಲ್ಲಿ ಗುಜರಿ. ಪೋರ್ಟ್ ಎಷ್ಟೇ ಚೆಂದ ಇರಲಿ. ಇನ್ನು ಕ್ರ್ಯಾಕ್. ಎರಡು ಸೀಟಿನ (ವಾಲ್ವ್ ಕೂತು ಮುಚ್ಚುವ ಬಳೆ) ನಡುವೆ, ಸೀಟಿನಿಂದ ಪ್ಲಗ್ ತೂತಿನ ಕಡೆಗೆ. ದೊಡ್ಡ ವಾಲ್ವ್ ಕೂರಿಸಿದ್ದರೆ ಆ ಜಾಗ ಇನ್ನೂ ಸಣ್ಣ, ಅಲ್ಲೇ ಬಿಡುತ್ತದೆ. ಕೆಂಪು ಡೈ, ಬಿಳಿ ಡೆವಲಪರ್ ಸ್ಪ್ರೇ ಸಾಕು. ಪೋರ್ಟ್ ಕೊರೆಯುವಾಗ ನೀರು ಹರಿಯುವ ವಾಟರ್ ಜಾಕೆಟ್‌ಗೆ ತೂತಾಗಿ, ಆರ್ಗಾನ್ ಬೆಸುಗೆ ಹಾಕಿ, ಮೇಲೆ ಬ್ಲಾಸ್ಟಿಂಗ್ ಮಾಡಿ ಮುಚ್ಚಿದ ಹೆಡ್‌ಗಳೂ ಬರುತ್ತವೆ. ಅದನ್ನು ಹಿಡಿಯಲು ನನ್ನದೊಂದು ಉಪಾಯ ಇದೆ, ಇಲ್ಲಿ ಹೇಳುವುದಿಲ್ಲ. ಮಾರುವವರೂ ಓದುತ್ತಾರಲ್ವಾ.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಜಗಳ ಇದ್ದದ್ದು ಗಾಳಿಯ ವಿಷಯದಲ್ಲಿ. ಪೋರ್ಟಿಂಗ್‌ನಿಂದ ಗಾಳಿ ಎಷ್ಟು ಜಾಸ್ತಿ ಹೋಗುತ್ತದೆ ಅಂತ ಕಣ್ಣಿನಿಂದ ಹೇಳಲು ಆಗುವುದಿಲ್ಲ. ಹೆಡ್ಡಿನ ಮೂಲಕ ಗಾಳಿ ಎಳೆದು ಅಳೆಯುವ ಫ್ಲೋ ಬೆಂಚ್ ಬೇಕು. ಕೊಳ್ಳಲು ಲಕ್ಷಗಟ್ಟಲೆ. ನಾನೇ ಮಾಡಿದೆ. ಹಳೆಯ ವ್ಯಾಕ್ಯೂಮ್ ಕ್ಲೀನರಿನ ಎರಡು ಮೋಟಾರ್, 18 ಎಂಎಂ ಪ್ಲೈವುಡ್ ಪೆಟ್ಟಿಗೆ, ಗುಜರಿ ಬ್ಲಾಕಿನಿಂದ ಕತ್ತರಿಸಿದ 74 ಎಂಎಂ ಬೋರಿನ ಒಂದು ಸಿಲಿಂಡರ್. ಮಾನೋಮೀಟರ್‌ಗೆ ಗವಂಡಿಗಳು ಲೆವೆಲ್ ನೋಡುವ ಪೈಪ್; ಗಾಳಿಯ ಒತ್ತಡವನ್ನು ಅದರಲ್ಲಿನ ನೀರಿನ ಎತ್ತರ ತೋರಿಸುತ್ತದೆ. ಎಲ್ಲ ಸೇರಿ ಹತ್ತಿರ ಹತ್ತಿರ ಒಂಬತ್ತು ಸಾವಿರ. "ಕಸಾ ಹೊಡಿಯೋ ಮಷೀನ್ ಹಚ್ಚಿ ಇಂಜಿನ್ ಟೆಸ್ಟ್ ಮಾಡ್ತೀರೇನ್ರೀ ಅಣ್ಣಾರ?" ಅಂತ ಪಕ್ಕದ ಲೇಥ್‌ನವನು ಕೇಳಿದ್ದ.

ಮೊದಲ ಕೆಲವು ತಿಂಗಳು ಅವನ ಮಾತೇ ಸರಿ ಅನ್ನಿಸುವಂತಿತ್ತು. ಬೆಳಿಗ್ಗೆ ಒಂದು ಅಂಕಿ, ಸಂಜೆ ಒಂದು ಅಂಕಿ. ಪೆಟ್ಟಿಗೆಯ ಮೂಲೆಗಳಲ್ಲಿ ಗಾಳಿ ಸೋರುತ್ತಿತ್ತು, ಸಿಲಿಕಾನ್ ಬಳಿದೆ. ಸಂಜೆ ವೋಲ್ಟೇಜ್ ಬಿದ್ದರೆ ಮೋಟಾರ್ ಸುಸ್ತು, ವೋಲ್ಟೇಜ್ ಹೊಂದಿಸುವ ವೇರಿಯಾಕ್ ತಂದೆ. ನೀರಿಗೆ ಕುಂಕುಮ ಹಾಕಿದರೆ ಪೈಪಿಗೇ ಅಂಟಿತು. ಈಗ ಎರಡು ಹನಿ ಹಸಿರು ಕೂಲಂಟ್. ನೀರು ಒಂದೇ ಸಮನೆ ಕುಣಿಯುತ್ತಿತ್ತು, ಪೈಪಿನ ಬಾಯಿಗೆ ಕಾರ್ಬುರೇಟರ್ ಜೆಟ್ ಸಿಕ್ಕಿಸಿದ ಮೇಲೆ ನಿಂತಿತು. ಪೋರ್ಟಿನ ಬಾಯಿ ಚೂಪಾಗಿದ್ದರೆ ಗಾಳಿ ಅಲ್ಲೇ ಮುರಿಯುತ್ತದೆ. ಸುತ್ತ ದುಂಡು ಅಂಚು ಬೇಕು. ಅದಕ್ಕೆ ಗೋಧಿ ಕಣಕ ಹಚ್ಚಿ ನೋಡಿದೆ, ಒಣಗಿ ಬಿರಿಯಿತು. ರಾತ್ರಿ ಇಲಿ ಬಂದು ಉಳಿದದ್ದನ್ನೂ ತಿಂದಿತು. ಮಕ್ಕಳ ಕ್ಲೇ ಸರಿಹೋಯಿತು. ಆ ಅಂಚಿನಿಂದಲೇ ಶೇಕಡಾ ನಾಲ್ಕೈದು ವ್ಯತ್ಯಾಸ!

ದಾರಿಗೆ ತಂದದ್ದು ಬಿವಿಬಿ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗ. "ನಿಮಗ ಸಿಎಫ್‌ಎಂ ಯಾಕ್ ಬೇಕ್ರಿ ಕಾಕಾ, ಸ್ಟಾಕ್ ಹೆಡ್ಡಿಗೆ ಹೋಲಿಸಿದ್ರ ಸಾಕಲ್ರೀ" ಅಂದ. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಲೆಕ್ಕ. ಅಂದಿನಿಂದ ಸ್ಟಾಕ್ ಹೆಡ್ ಒಮ್ಮೆ, ಬಂದ ಹೆಡ್ ಒಮ್ಮೆ, ಮತ್ತೆ ಸ್ಟಾಕ್ ಒಮ್ಮೆ. ಎರಡು ಸ್ಟಾಕ್ ಅಂಕಿ ಹೊಂದದಿದ್ದರೆ ಆ ದಿನದ ಟೆಸ್ಟ್ ರದ್ದು. ಒತ್ತಡ ಹತ್ತು ಇಂಚು ನೀರು. ಲಿಫ್ಟ್, ಅಂದರೆ ವಾಲ್ವ್ ತೆರೆದಿರುವ ಎತ್ತರ, 2, 4, 6, 8 ಎಂಎಂ.

ಮಾರುವವರು ತೋರಿಸುವ ಫ್ಲೋ ಶೀಟ್ ಬಗ್ಗೆ ಒಂದು ಮಾತು. ಎಷ್ಟು ಇಂಚಿನಲ್ಲಿ ಅಳೆದದ್ದು ಅಂತ ಕೇಳಿ. ಗಾಳಿ ಒತ್ತಡದ ವರ್ಗಮೂಲದಂತೆ ಏರುತ್ತದೆ. ಅದೇ ಹೆಡ್ಡನ್ನು 10 ಇಂಚಿನ ಬದಲು 28 ಇಂಚಿನಲ್ಲಿ ಅಳೆದರೆ ಅಂಕಿ ಹೆಚ್ಚುಕಡಿಮೆ 1.67 ಪಟ್ಟು ಬರುತ್ತದೆ. ಇಂಚು ಬರೆಯದ ಶೀಟ್ ಬರೀ ಕಾಗದ.

ಬೆಂಚಿನ ಮೇಲೆ ಎರಡು ಹೆಡ್ ಒಂದೇ ವಾರ ಬಂದವು. ಒಂದು ಕನ್ನಡಿ ಪಾಲಿಶ್, ಪೋರ್ಟ್ ಅಗಲ, 35 ಸಾವಿರ. 8 ಎಂಎಂನಲ್ಲಿ ಶೇಕಡಾ ಎಂಟು ಜಾಸ್ತಿ, ನಿಜ. ಆದರೆ 2 ಮತ್ತು 4ರಲ್ಲಿ ಸ್ಟಾಕ್‌ಗಿಂತ ಕಡಿಮೆ! ಸೀಟ್ ಎರಡು ಎಂಎಂ ಅಗಲ ಬಿಟ್ಟಿದ್ದರು. ವಾಲ್ವ್ ಪೂರ್ತಿ ತೆರೆದಿರುವುದು ಚೂರು ಹೊತ್ತು, ಅರ್ಧಂಬರ್ಧ ತೆರೆದಿರುವುದೇ ಜಾಸ್ತಿ. ಇನ್ನೊಂದು ನೋಡಲು ಹೊಲಸು. ಪೋರ್ಟ್ ಒರಟು, ಮಸಿ ಹಿಡಿದದ್ದು. ಆದರೆ ಯಾರೋ ತಿಳಿದವರು ವಾಲ್ವಿನ ಹಿಂದಿನ ಬೌಲ್ ಮಾತ್ರ ಬಿಡಿಸಿ, ಸೀಟನ್ನು ಮೂರು ಕೋನದಲ್ಲಿ ಕಟ್ ಮಾಡಿದ್ದರು. ಎಲ್ಲ ಲಿಫ್ಟ್ ಸೇರಿ ಸರಾಸರಿ ಶೇಕಡಾ 11 ಜಾಸ್ತಿ.

ಆ ಹೊಲಸು ಹೆಡ್‌ಗೆ ರೇಟ್ ಕಟ್ಟಿದ್ದು ಹೀಗೆ. ಗಟ್ಟಿ ಸ್ಟಾಕ್ ಹೆಡ್‌ಗೆ ಹತ್ತು ಸಾವಿರ. ಶೇಕಡಾ ಒಂದಕ್ಕೆ ಒಂದು ಸಾವಿರ, ಅಂದರೆ ಹನ್ನೊಂದು. (ಯಾವ ಲಿಫ್ಟ್‌ಗೆ ಎಷ್ಟು ತೂಕ ಕೊಟ್ಟು ಸರಾಸರಿ ತೆಗೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.) ಅದರಲ್ಲಿ ಗೈಡ್, ಸೀಲ್, ಒಂದು ಪ್ಲಗ್ ತೂತಿನ ಹಾಳಾದ ಥ್ರೆಡ್ಡಿಗೆ ಹೆಲಿಕಾಯಿಲ್, ಕೂಲಿ ಸೇರಿ ಏಳು ಸಾವಿರ ಕಳೆದರೆ ಹದಿನಾಲ್ಕು. ಮಾರುವವನು 22 ಕೇಳುತ್ತಿದ್ದ, 15ಕ್ಕೆ ಕೊಟ್ಟ. ಕನ್ನಡಿ ಹೆಡ್‌ಗೆ ನಾನು 11 ಹೇಳಿದ್ದಕ್ಕೆ ಅದರ ಮಾಲೀಕ ಫೋನ್ ಇಟ್ಟ. ಧಾರವಾಡದ ಒಬ್ಬರು 30ಕ್ಕೆ ತಗೊಂಡರು ಅಂತ ಕೇಳಿದೆ.

ಆ ಹೊಲಸು ಹೆಡ್ ಈಗ ಒಂದು ಜಿಪ್ಸಿಯಲ್ಲಿದೆ. ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಮೊದಲು ಎರಡನೇ ಗೇರ್ ಕೇಳುತ್ತಿದ್ದ ಏರನ್ನು ಮೂರರಲ್ಲೇ ಹತ್ತುತ್ತದೆ. ಲೇಥ್‌ನವನು ಹಿಂದಿನ ಸೀಟಿನಲ್ಲಿದ್ದ, ಏನೂ ಮಾತಾಡಲಿಲ್ಲ. ಮರುದಿನ ತನ್ನ ಗಿರಾಕಿಯ ಹೆಡ್ ತಂದಿಟ್ಟ.

ಎಗ್ಸಾಸ್ಟ್ ಕಡೆ ಇನ್ನೂ ಹೊಂದಿಸುತ್ತಿದ್ದೇನೆ. ಅಲ್ಲಿ ಗಾಳಿ ಎಳೆಯುವ ಬದಲು ಊದಬೇಕು. ಊದಿದ ಗಾಳಿ ಮೋಟಾರ್ ದಾಟಿ ಬಂದು ಬಿಸಿಯಾಗಿರುತ್ತದೆ, ಅಂಕಿ ನಿಲ್ಲುವುದಿಲ್ಲ. ನಡುವೆ ಎಸಿ ಕಾಯಿಲ್ ಇಟ್ಟು ತಣಿಸಿ ನೋಡುವ ಯೋಚನೆ ಇದೆ. ಅದು ಆಗುವವರೆಗೆ ಎಗ್ಸಾಸ್ಟ್ ಪೋರ್ಟಿಂಗ್‌ಗೆ ನನ್ನ ರೇಟಿನಲ್ಲಿ ಸೊನ್ನೆ. ಮಾರುವವರು ಬೈಯುತ್ತಾರೆ, ಬೈಯಲಿ.