ದಾರ ಸಿಕ್ಕಿಕೊಳ್ಳದ ಸೂಜಿ ಡಬ್ಬಿ

ಲೇತ್‌ನಲ್ಲಿ, ಅಂದರೆ ಮರವನ್ನು ತಿರುಗಿಸುವ ಯಂತ್ರದಲ್ಲಿ, ಕಡೆಯುವ ಸಣ್ಣ ಸಾಮಾನುಗಳಲ್ಲಿ ನನಗೆ ತುಂಬಾ ಇಷ್ಟ ಹೊಲಿಗೆ ಪೆಟ್ಟಿಗೆಗೆ ಸೇರುವಂಥವು. ಸೂಜಿ ಡಬ್ಬಿ, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್‌ನ ಹಿಡಿ, ಕಾಲುಚೀಲ ರಫು ಮಾಡುವಾಗ ಒಳಗಿಡುವ ಮರದ ಅಣಬೆ. ಬೇರೆ ಕೆಲಸದಲ್ಲಿ ಉಳಿದ ತುಂಡು ಮರವೇ ಸಾಕು. ಆದರೆ ಇವು ಕಪಾಟಿನಲ್ಲಿಟ್ಟು ನೋಡುವ ವಸ್ತುಗಳಲ್ಲ. ದಿನವೂ ದಾರ, ಬಟ್ಟೆ, ಬೆರಳು ಇವಕ್ಕೆ ತಾಗುತ್ತಿರುತ್ತವೆ. ಹಾಗಾಗಿ ಚೆಂದದ ಮಾತು ಆಮೇಲೆ. ದಾರ ಎಲ್ಲಾದರೂ ಸಿಕ್ಕಿಕೊಳ್ಳುತ್ತದಾ ಅಂತ ನಾನು ಮೊದಲು ನೋಡುತ್ತೇನೆ.

ಮರದ ಎಳೆ ಒತ್ತಾಗಿರಬೇಕು. ಬೀಟೆ, ಕರಿಮರ ಚೆನ್ನಾಗಿ ಬರುತ್ತವೆ. ತೇಗದ ಎಳೆ ಬಿಡಿಬಿಡಿ, ಅದರಲ್ಲಿರುವ ಸಿಲಿಕಾದಿಂದ ಉಳಿ ಬೇಗ ಮೊಂಡಾಗುತ್ತದೆ. ಒಗರು ಜಾಸ್ತಿ ಇರುವ ಮರ ಸೂಜಿಗೆ ಬೇಡ. ತೇವ ತಾಗಿದರೆ ಆ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಬಿಡುತ್ತದೆ. ಸೂಜಿಗೆ ಹತ್ತಿದ ಕಲೆ ಬಟ್ಟೆಗೂ ಹತ್ತುತ್ತದೆ ಅಲ್ವಾ? ಎಲ್ಲಕ್ಕಿಂತ ಮುಖ್ಯ, ಮರ ಪೂರ್ತಿ ಒಣಗಿರಬೇಕು. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಹಸಿ ಮರದಲ್ಲಿ ಕೊರೆದ ದುಂಡು ತೂತು ಆಮೇಲೆ ಮೊಟ್ಟೆಯಾಕಾರಕ್ಕೆ ತಿರುಗಿ, ಮುಚ್ಚಳ ಬಿಗಿದುಕೊಂಡು ಬಿಡುತ್ತದೆ.

ಡಬ್ಬಿಗೆ ನಾನು 22 ಮಿಲಿಮೀಟರ್ ಚೌಕದ, 120 ಮಿಲಿಮೀಟರ್ ಉದ್ದದ ತುಂಡು ತೆಗೆದುಕೊಳ್ಳುತ್ತೇನೆ. ದುಂಡು ಮಾಡಿ, ಎರಡೂ ತುದಿಗೆ ಚಕ್ (ಮರವನ್ನು ಕಚ್ಚಿ ಹಿಡಿಯುವ ಲೇತ್‌ನ ಭಾಗ) ಹಿಡಿಯುವಷ್ಟು ಜಾಗ ಬಿಟ್ಟು, ಮುಚ್ಚಳದ ಭಾಗವನ್ನು ಕತ್ತರಿಸುತ್ತೇನೆ. ಕೈಹೊಲಿಗೆಯ ಸೂಜಿಗಳು ಹೆಚ್ಚಾಗಿ 35ರಿಂದ 45 ಮಿಲಿಮೀಟರ್ ಉದ್ದ ಇರುತ್ತವೆ. ಮುಚ್ಚಳದ ಒಳಗಿನ ಜಾಗವೂ ಸೇರಿ 60 ಸಿಕ್ಕರೆ ಧಾರಾಳ. ತೂತು 8 ಮಿಲಿಮೀಟರ್ ಸಾಕು. ಕೊರೆಯುವಾಗ ಲೇತ್ ನಿಧಾನಕ್ಕೆ ತಿರುಗಬೇಕು, ಡ್ರಿಲ್ ಬಿಟ್‌ ಅನ್ನು ಆಗಾಗ ಹೊರಗೆಳೆದು ಹೊಟ್ಟು ತೆಗೆಯಬೇಕು. ಬಿಸಿಯಾದರೆ ಗಟ್ಟಿ ಮರ ಒಳಗೇ ಬಿರುಕು ಬಿಡುತ್ತದೆ.

ನಿಜವಾದ ಕೆಲಸ ಇರುವುದು ಮುಚ್ಚಳ ಕೂರಿಸುವುದರಲ್ಲಿ. ಮೊದಲು ಮುಚ್ಚಳದ ತೂತು, ಆಮೇಲೆ ಅದಕ್ಕೆ ತಕ್ಕ ಹಾಗೆ ಡಬ್ಬಿಯ ಕುತ್ತಿಗೆ. ಕುತ್ತಿಗೆ ದಪ್ಪವಾಗಿದ್ದರೆ ಕಡಿಮೆ ಮಾಡಬಹುದು, ಸಣ್ಣದಾದರೆ ಸೇರಿಸಲು ಆಗುವುದಿಲ್ಲ. ಕೂದಲೆಳೆಯಷ್ಟೇ ತೆಗೆದು, ಮುಚ್ಚಳ ಹಾಕಿ ನೋಡಿ, ಮತ್ತೆ ತೆಗೆಯುತ್ತೇನೆ. ಬಿಗಿಯಾಗಿ ಕೂತಾಗ ಎರಡನ್ನೂ ಒಟ್ಟಿಗೆ ಹೊರಗಿನಿಂದ ಕಡೆಯುತ್ತೇನೆ. ಆಗಲೇ ಸಂದು ಬೆರಳಿಗೆ ಗೊತ್ತಾಗದಷ್ಟು ನಯವಾಗುವುದು. ಕೊನೆಗೆ ಕುತ್ತಿಗೆಗೆ ಸ್ವಲ್ಪ ಸ್ಯಾಂಡ್ ಪೇಪರ್ ತಾಗಿಸಿ ಸಡಿಲ ಮಾಡುತ್ತೇನೆ. ಬಲವಾಗಿ ಎಳೆದು ತೆಗೆಯಬೇಕಾದ ಮುಚ್ಚಳ ಸೂಜಿಗಳನ್ನೆಲ್ಲ ನೆಲಕ್ಕೆ ಚೆಲ್ಲುತ್ತದೆ.

ಹೊರಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ತೆಳ್ಳಗೆ ಹಚ್ಚುತ್ತೇನೆ. ಹಚ್ಚಲು ಕಾಗದವೇ ಸರಿ. ತಿರುಗುವ ಲೇತ್ ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಒಳಗೆ ಏನೂ ಹಚ್ಚುವುದಿಲ್ಲ. ಎಣ್ಣೆ ಹಚ್ಚಿದರೆ ಅಂಟಂಟಾಗಿ ಸೂಜಿ ಒಳಗೇ ನಿಲ್ಲುತ್ತದೆ. ಬೀಟೆ ಉಜ್ಜುವಾಗ ಮಾಸ್ಕ್ ಕಡ್ಡಾಯ, ಅದರ ಪುಡಿ ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ.

ಸೀಮ್ ರಿಪ್ಪರ್‌ನ ಅಲಗು ಕೊಂಡು ತಂದದ್ದು, ಹಿಡಿ ಮಾತ್ರ ನನ್ನದು. ಪೂರ್ತಿ ದುಂಡಗಿದ್ದರೆ ಮೇಜಿನಿಂದ ಉರುಳಿ ಬೀಳುತ್ತದೆ. ಅದಕ್ಕೇ ಒಂದು ಬದಿಯನ್ನು ಕೈಯಲ್ಲೇ ಉಜ್ಜಿ ಚಪ್ಪಟೆ ಮಾಡುತ್ತೇನೆ. ಅಲಗಿನ ಹತ್ತಿರ ಬೆರಳು ಕೂರಲು ಸಣ್ಣ ಸೊಂಟವೂ ಬೇಕು.

ಅಣಬೆಯ ತಲೆಯ ಮೇಲೆ ಗೆರೆ, ಅಲಂಕಾರ ಏನೂ ಬೇಡ. ಸೂಜಿಯ ಮೊನೆ ಗೆರೆಗೆ ಸಿಕ್ಕಿ ನಿಲ್ಲುತ್ತದೆ. ಅಲಂಕಾರದ ಆಸೆಯಿದ್ದರೆ ಕಾಂಡದಲ್ಲಿ ತೀರಿಸಿಕೊಳ್ಳಬಹುದು. ಕಪ್ಪು ಕಾಲುಚೀಲ ರಫು ಮಾಡುವವರಿಗೆ ಬಿಳಿಚು ಮರವೇ ಒಳ್ಳೆಯದು, ದಾರದ ಎಳೆ ಚೆನ್ನಾಗಿ ಕಾಣುತ್ತದೆ.

ಯಾವುದೇ ಆಗಲಿ, ಮುಗಿದ ಮೇಲೆ ಹಳೆಯ ನೈಲಾನ್ ಕಾಲುಚೀಲವನ್ನು ಅದರ ಮೇಲೆ ಎಳೆದು ನೋಡುತ್ತೇನೆ. ಕೈಗೆ ಗೊತ್ತಾಗದ ತರಿ ನೈಲಾನ್‌ಗೆ ತಕ್ಷಣ ಗೊತ್ತಾಗುತ್ತದೆ. ಸಿಕ್ಕಿಕೊಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಲೇತ್ ನಿಲ್ಲಿಸಿ, 400ರ ಸ್ಯಾಂಡ್ ಪೇಪರ್‌ನಿಂದ ಮರದ ಎಳೆಯ ಉದ್ದಕ್ಕೇ ಉಜ್ಜುತ್ತೇನೆ. ಆಮೇಲೆ ಅಲ್ಲಿಗೆ ಮತ್ತೆ ಅರಗು ಹಚ್ಚಿ, ಒಣಗಿದ ಮೇಲೆ ಮತ್ತೊಮ್ಮೆ ಎಳೆದು ನೋಡುತ್ತೇನೆ.