ಭಿನ್ನ ಹಿನ್ನೆಲೆಯವರು ಒಂದೇ ಕಟ್ಟಡದಲ್ಲಿ ನೆಲೆಸುವಾಗ

ಬೇರೆ ಬೇರೆ ಭಾಷೆ, ಧರ್ಮ ಮತ್ತು ಆರ್ಥಿಕ ಸ್ಥಿತಿಯ ಕುಟುಂಬಗಳು ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ವಾಸಿಸಿಯೂ ಪರಸ್ಪರ ಅಪರಿಚಿತರಾಗಿಯೇ ಉಳಿಯುವುದುಂಟು. ಗುಂಪುಗಳ ನಡುವಿನ ಪೂರ್ವಗ್ರಹ ತಗ್ಗಬೇಕಾದರೆ ಬರಿಯ ಒಡನಾಟ ಸಾಲದು, ಸಮಾನ ಸ್ಥಾನ, ಒಂದೇ ಗುರಿ, ಅದಕ್ಕಾಗಿ ಸಹಕಾರ ಮತ್ತು ಅಧಿಕಾರದಲ್ಲಿರುವವರ ಬೆಂಬಲ ಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪ್ರತಿಪಾದಿಸಿದರು. ಐನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಮನಶ್ಶಾಸ್ತ್ರಜ್ಞರಾದ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್, ಈ ಷರತ್ತುಗಳು ಅನಿವಾರ್ಯವಲ್ಲದಿದ್ದರೂ ಅವು ಇದ್ದಲ್ಲಿ ಪರಿಣಾಮ ಹೆಚ್ಚು ಎಂದು 2006ರಲ್ಲಿ ವರದಿ ಮಾಡಿದರು.

ಆದುದರಿಂದ ಸೌಹಾರ್ದದ ಕುರಿತ ಭಾಷಣಗಳಿಂದಲ್ಲ, ಎಲ್ಲರಿಗೂ ಬೇಕಾದ ಯಾವುದಾದರೊಂದು ಕೆಲಸದಿಂದ ಆರಂಭಿಸಿ. ನೀರಿನ ಟ್ಯಾಂಕ್ ಸ್ವಚ್ಛಗೊಳಿಸುವುದು, ಕಸದ ವಿಲೇವಾರಿ, ಮೆಟ್ಟಿಲಿನ ದೀಪ, ಇಂಥವೇ ಸಾಕು. ಸಾಮಾಜಿಕ ಮನಶ್ಶಾಸ್ತ್ರಜ್ಞ ಮುಜಫರ್ ಶೆರೀಫ್ 1954ರಲ್ಲಿ ಅಮೆರಿಕದ ಓಕ್ಲಹೋಮಾದ ಶಿಬಿರವೊಂದರಲ್ಲಿ ನಡೆಸಿದ ಪ್ರಯೋಗದಲ್ಲಿ, ಸ್ಪರ್ಧೆಯಿಂದ ಹಗೆ ಬೆಳೆಸಿಕೊಂಡಿದ್ದ ಎರಡು ಬಾಲಕರ ತಂಡಗಳು ಒಟ್ಟಿಗೆ ಊಟಕ್ಕೆ ಕುಳಿತಾಗ ಜಗಳವೇ ಆಯಿತು. ನಿಂತುಹೋದ ನೀರಿನ ಪೂರೈಕೆಯನ್ನು ಸರಿಪಡಿಸುವಂತಹ ಕೆಲಸಗಳಲ್ಲಿ ಮತ್ತೆ ಮತ್ತೆ ಕೈಜೋಡಿಸಬೇಕಾಗಿ ಬಂದಾಗ ಆ ಹಗೆ ಕ್ರಮೇಣ ಇಳಿಯಿತು. (ಆ ಸ್ಪರ್ಧೆಯನ್ನು ಹುಟ್ಟಿಸಿದವರು ಸಂಶೋಧಕರೇ ಎಂಬುದನ್ನೂ ಮರೆಯಬಾರದು.)

ಎಲ್ಲಕ್ಕಿಂತ ಕಷ್ಟವಾದುದು ಸಮಾನ ಸ್ಥಾನ. ಸಭೆ ಯಾವಾಗಲೂ ಒಬ್ಬ ಮಾಲೀಕರ ಮನೆಯಲ್ಲೇ, ಒಂದೇ ಭಾಷೆಯಲ್ಲಿ, ದುಡಿದು ತಡವಾಗಿ ಬರುವವರಿಗೆ ಒದಗದ ಹೊತ್ತಿನಲ್ಲಿ ನಡೆಯುತ್ತಿದ್ದರೆ, ಅಲ್ಲಿ ಕೈಗೊಂಡ ನಿರ್ಧಾರ ಎಷ್ಟೇ ಒಳ್ಳೆಯದಾದರೂ ಉಳಿದವರ ಪಾಲಿಗೆ ಅದು ಹೇರಿಕೆಯೇ. ಸಭೆ ಕರೆಯುವ ಹೊಣೆ ಸರದಿಯಂತೆ ಎಲ್ಲರಿಗೂ ಬರಲಿ; ನಿತ್ಯದ ಬದುಕಿನ ವಿಷಯಗಳಲ್ಲಿ ಬಾಡಿಗೆದಾರರಿಗೂ ಮತವಿರಲಿ; ಭಾಷೆ ತಿಳಿಯದವರಿಗೆ ಯಾರಾದರೂ ಅಲ್ಲಿಯೇ ಅನುವಾದಿಸಿ ಹೇಳಲಿ. ಶ್ರಮದ ಕೆಲಸವೆಲ್ಲ ಒಂದು ಗುಂಪಿಗೆ, ಲೆಕ್ಕಪತ್ರವೆಲ್ಲ ಇನ್ನೊಂದಕ್ಕೆ ಎಂಬ ಹಂಚಿಕೆ ಬೇಡವೇ ಬೇಡ, ಏಕೆಂದರೆ ಅದು ಸಹಕಾರದ ಹೆಸರಿನಲ್ಲಿ ಹಳೆಯ ಮೇಲುಕೀಳನ್ನೇ ಮುಂದುವರಿಸುತ್ತದೆ.

ನಿಯಮಗಳನ್ನು ಹೊತ್ತು ಮತ್ತು ಸ್ಥಳಕ್ಕೆ ಸಂಬಂಧಿಸಿ ಬರೆಯಿರಿ, ಸಮುದಾಯಕ್ಕೆ ಸಂಬಂಧಿಸಿ ಅಲ್ಲ. ಇಂತಿಷ್ಟು ಗಂಟೆಯ ನಂತರ ಗಟ್ಟಿ ಸದ್ದು ಸಲ್ಲದು ಎಂದರೆ ಅದು ಪ್ರಾರ್ಥನೆಗೂ ಹುಟ್ಟುಹಬ್ಬಕ್ಕೂ ಸಮನಾಗಿ ಅನ್ವಯಿಸಬೇಕು. ಹಾಗಿದ್ದೂ ಮೇಲ್ನೋಟಕ್ಕೆ ತಟಸ್ಥವಾದ ನಿಯಮದ ಭಾರ ಒಂದೇ ಮನೆಯ ಮೇಲೆ ಬೀಳಬಹುದು. ಅತಿಥಿಗಳ ಸಂಖ್ಯೆಗೆ ಹಾಕಿದ ಮಿತಿ ದೊಡ್ಡ ಕುಟುಂಬಕ್ಕೆ ಮಾತ್ರ ತಟ್ಟುವಂತೆ. ಜಾರಿಗೆ ಮೊದಲು ಆ ಮನೆಯವರನ್ನು ಕೇಳಿ.

ಆಚರಣೆಗಳ ಬಗ್ಗೆ ಕುತೂಹಲವಿದ್ದರೆ ‘ನಿಮ್ಮವರು ಹೀಗೇಕೆ?’ ಎನ್ನದೆ, ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳಿ. ಯಾರೂ ತಮ್ಮ ಇಡೀ ಸಮುದಾಯದ ಪರವಾಗಿ ಉತ್ತರಿಸಬೇಕಾಗಿಲ್ಲ.

ಕಿರಿಕಿರಿಯಾದಾಗ ವಾಟ್ಸಾಪ್ ಗುಂಪಿನಲ್ಲಿ ಬರೆಯದೆ, ಸಂಬಂಧಪಟ್ಟವರೊಂದಿಗೆ ನೇರವಾಗಿ ಮಾತನಾಡಿ. ಆದರೆ ಹುಟ್ಟಿನ ಕಾರಣಕ್ಕೆ ನಿಂದಿಸುವುದು, ಮನೆ ನಿರಾಕರಿಸುವುದು, ಸಾಮಾನ್ಯ ಸೌಲಭ್ಯದಿಂದ ದೂರವಿಡುವುದು ಕಿರಿಕಿರಿಯಲ್ಲ, ತಾರತಮ್ಯ. ಅಂಥಲ್ಲಿ ನೊಂದವರಿಗೇ ‘ಹೊಂದಿಕೊಳ್ಳಿ’ ಎನ್ನುವುದು ಸಂಘಗಳ ಸುಲಭದ ದಾರಿ. ನೀವು ಸಮಿತಿಯಲ್ಲಿದ್ದರೆ, ದಿನಾಂಕ ಮತ್ತು ಸಾಕ್ಷಿಗಳ ಸಹಿತ ದೂರನ್ನು ಬರಹದಲ್ಲಿ ಪಡೆದು, ಉತ್ತರವನ್ನೂ ಬರಹದಲ್ಲೇ ಕೊಡಿ. ಕಾನೂನಿನ ನೆರವು ಪಡೆಯಲು ಅವರು ಬಯಸಿದರೆ ಆ ದಾಖಲೆಗಳನ್ನು ಅವರ ಕೈಗೊಪ್ಪಿಸಿ.