ತತ್ತಿ ನಿಂತ ಮೇಲೂ ಕೋಳಿ ಸಾಕಿದ ನನ್ನ ಅನುಭವ

ನಮ್ಮ ಕೆಂಪಿಗೆ ಈಗ ಒಂಬತ್ತರ ಹತ್ತಿರ ವಯಸ್ಸು. ತತ್ತಿ ನಿಲ್ಲಿಸಿ ಮೂರು ವರ್ಷವಾದರೂ ಆಗಿರಬೇಕು. ಮುಧೋಳದ ನಮ್ಮ ಓಣಿಯಲ್ಲಿ ಇಷ್ಟು ವಯಸ್ಸಿನ ಕೋಳಿ ಇನ್ನೊಂದಿಲ್ಲ, ಇದ್ದರೆ ತೋರಿಸಿ. "ತತ್ತಿ ಇಡೂದು ಬಿಟ್ಟ ಕೋಳಿಗೆ ಕಾಳು ಹಾಕೂದು ದಂಡ ಬಿಡವಾ, ಸಾರು ಮಾಡು" ಎನ್ನುತ್ತಿದ್ದ ಪಕ್ಕದ ಮನೆ ಕಾಕು ಈಗ ತಾವೇ ಎರಡು ಮುದಿ ಕೋಳಿ ಇಟ್ಟುಕೊಂಡಿದ್ದಾರೆ.

ಗೂಡು, ಬೂದಿ ಗುಂಡಿ, ಮುಂಗುಸಿ ಕಾಟ ನಿಮಗೂ ಗೊತ್ತಿದ್ದದ್ದೇ. ಮುದಿ ಕೋಳಿಯ ಮಾತಷ್ಟೇ ಹೇಳುತ್ತೇನೆ.

ತತ್ತಿ ಇಡುವ ಕೋಳಿಗೆಂದೇ ಅಂಗಡಿಯಲ್ಲಿ ಸಿಗುವ ಲೇಯರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟಿರುತ್ತದೆ. ಅದೆಲ್ಲ ತತ್ತಿಯ ಚಿಪ್ಪಿಗೆ. ತತ್ತಿ ನಿಂತ ಮೇಲೆ ಅದು ಎಲ್ಲಿಗೆ ಹೋಗಬೇಕು? ಕಿಡ್ನಿಗೆ ಪೆಟ್ಟು. ನಮ್ಮ ಮೊದಲ ಗುಂಪಿನ ಎರಡು ಕೋಳಿ ಹೀಗೇ ಕುಗ್ಗಿ ಸತ್ತವು, ಹಿಕ್ಕೆ ಬರೀ ಬಿಳಿ ನೀರು. ಈಗ ಬೆಳೆಯುವ ಕೋಳಿಗೆ ಹಾಕುವ ಗ್ರೋವರ್ ಫೀಡ್ ಅರ್ಧ, ಜೋಳ ಸಜ್ಜೆಯ ನುಚ್ಚು ಅರ್ಧ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ, ಬೇಕಾದದ್ದು ಬಂದು ತಿನ್ನುತ್ತದೆ. ಐದು ಕೋಳಿಗೆ ತಿಂಗಳಿಗೆ ಐನೂರರ ಆಸುಪಾಸು ಖರ್ಚು. "ಅಷ್ಟ್ರಾಗ ಎರಡು ಟ್ರೇ ತತ್ತಿ ಬರ್ತಿದ್ವು" ಎಂದು ಮನೆಯವರ ಲೆಕ್ಕ.

ಪುಕ್ಕ ಉದುರುವಾಗ ಶೇಂಗಾ ಹಿಂಡಿ ಹಾಕುತ್ತೀರಲ್ವಾ, ಬೂಜು ಹಿಡಿದದ್ದು ಬೇಡವೇ ಬೇಡ. ಆ ಬೂಜಿನ ವಿಷ ಅಫ್ಲಾಟಾಕ್ಸಿನ್ ಲಿವರ್ ತಿನ್ನುತ್ತದೆ, ಬಿಸಿಲಿಗೆ ಹಾಕಿ ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ನಾನು ಬೇಯಿಸಿದ ತತ್ತಿ ಕಿವುಚಿ ಕೊಡುತ್ತೇನೆ, ಅದೂ ಅಂಗಡಿಯಿಂದ ಕೊಂಡು ತಂದು. ನಗುವವರು ನಗಲಿ.

ಜಾಸ್ತಿ ಕಾಡಿದ್ದು ಕಾಲು. ಮುದಿ ಕೋಳಿ ಕೂರುವ ಎತ್ತರದ ಗಳದಿಂದ ಫರಸಿ ಕಲ್ಲಿನ ನೆಲದ ಮೇಲೆ ಧೊಪ್ಪನೆ ಹಾರಿದರೆ ಅಂಗಾಲು ಒಡೆದು ಒಳಗೆ ಕೀವು. ನಮ್ಮ ಇನ್ನೊಂದು ಕೋಳಿ ಚುಕ್ಕಿಯ ಅಂಗಾಲು ಊದಿ, ನಡುವೆ ಕರಿ ಹಕ್ಕಳೆ ಕಟ್ಟಿತ್ತು. ಬೆಚ್ಚಗಿನ ಉಪ್ಪುನೀರಲ್ಲಿ ಹತ್ತು ನಿಮಿಷ ಕಾಲು ಹಿಡಿದೆ. ಹಕ್ಕಳೆ ಮೆತ್ತಗಾಗಿ ಬಿಟ್ಟುಕೊಂಡಿತು, ಹಿಂದೆಯೇ ಶೇಂಗಾ ಬೀಜದಷ್ಟು ಗಟ್ಟಿ ಹಳದಿ ಕೀವಿನ ಗಂಟು ಬಂತು. ಬೆಟಾಡಿನ್, ಹತ್ತಿ, ಬಟ್ಟೆ, ದಿನಾ ಬದಲಿ. ಆಟೋ, ದವಾಖಾನೆ, ಇಂಜೆಕ್ಷನ್ ಸೇರಿ ಎಂಟುನೂರು ಹೋಯಿತು. ಗಳವನ್ನು ಒಂದು ಗೇಣಿಗೆ ಇಳಿಸಿ, ಕೆಳಗೆ ಕಬ್ಬಿನ ಒಣ ಎಲೆ, ಅಂದರೆ ರವದಿ, ದಪ್ಪಗೆ ಹಾಸಿದ ಮೇಲೆ ಆ ಕಾಟ ನಿಂತಿತು. ಮುಧೋಳದಲ್ಲಿ ರವದಿಗೇನು ಬರ! ಒದ್ದೆಯಾದರೆ ಮಾತ್ರ ಅವತ್ತೇ ತೆಗೆಯಬೇಕು.

ಕಾಲಿನ ಹುರುಪೆ ಎದ್ದರೆ ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿದರೆ ಒಳಗಿನ ಹುಳ ಉಸಿರುಕಟ್ಟಿ ಸಾಯುತ್ತದೆ. ಅದರಲ್ಲಿ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಕೋಳಿ ಮೇವಿಗೆಂದು ತೊಟ್ಟಿ ನೀರಲ್ಲಿ ಬೆಳೆಸುವ ಅಜೋಲಾ ಎಂಬ ಸಣ್ಣ ನೀರುಗಿಡದ ಹುಚ್ಚೂ ಹಿಡಿದಿತ್ತು. ತಾಡಪತ್ರಿ, ಸಗಣಿ, ನೆರಳಿನ ಬಲೆ ಎಂದು ಸಾವಿರದ ಮೇಲೆ ಸುರಿದೆ. ಚಳಿಗಾಲದಲ್ಲಿ ಹಸಿರು ಹಾಸಿದಂತೆ ಬಂತು, ಕೋಳಿ ಮುಗಿಬಿದ್ದು ತಿಂದವು. ಏಪ್ರಿಲ್ ಬಿಸಿಲಿಗೆ ಕೆಂಪಾಗಿ ಕೊಳೆತು ನಾರಿತು. ತೊಟ್ಟಿಯಲ್ಲಿ ಈಗ ಕೊತ್ತಂಬರಿ ಇದೆ.

ಅದೇ ಬಿಸಿಲಿಗೆ ಮೊದಲು ಬಾಯ್ದೆರೆದು ಏದುಸಿರು ಬಿಡುವುದು ಮುದಿ ಕೋಳಿಯೇ. ಮಧ್ಯಾಹ್ನ ಕಾಳು ಹಾಕುವುದಿಲ್ಲ, ಅರಗಿಸುವಾಗ ಮೈ ಇನ್ನೂ ಕಾಯುತ್ತದೆ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ. ನಡುವೆ ಒದ್ದೆ ಗೋಣಿಚೀಲದ ಪರದೆ, ಗಡಿಗೆಯ ತಣ್ಣೀರು.

ರಾಣಿಖೇತ್ ಎಂಬ ಕೋಳಿ ರೋಗಕ್ಕೆ ಲಸೋಟಾ ಲಸಿಕೆ ಹಾಕುವುದು ಬಿಡಬೇಡಿ, ಮುದಿಯಾದರೂ. ಐದು ಕೋಳಿಗೆಂದು ಬಾಟಲಿ ಸಿಗುವುದಿಲ್ಲ, ನೂರಕ್ಕಾಗುವಷ್ಟು ಬರುತ್ತದೆ. ಓಣಿಯವರೆಲ್ಲ ಹತ್ತಿಪ್ಪತ್ತು ರೂಪಾಯಿ ಹಾಕಿ, ಐಸ್ ಇಟ್ಟು ತರಿಸುತ್ತೇವೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಎಲ್ಲರ ಹಿತ್ತಲೂ ಮುಗಿಯಬೇಕು. ಕಣ್ಣಿಗೆ ಹನಿ ಹಾಕುವುದು ನಾನೇ. ಬೇರೆಯವರು ಹಾಕಿದರೆ ಅರ್ಧ ಕೊಕ್ಕಿನ ಮೇಲೆ ಬೀಳುತ್ತದೆ.